ಒಂಬತ್ತನೆಯ ಅಂಗಿ

ನಾನು ಆಟ ನೋಡಿದವಳಲ್ಲ.
ಗ್ಯಾಲರಿಯ ಕೆಳಗೆ, ಬಾಯ್ಲರಿನ ಪಕ್ಕದ ಕೋಣೆಗೆ
ಶನಿವಾರ ಸಂಜೆ ಐದಕ್ಕೆ
ಬುಟ್ಟಿ ಬಂದು ಬೀಳುತ್ತಿತ್ತು.
ಪಂದ್ಯವನ್ನು ಅದರೊಳಗಿಂದ ಓದುತ್ತಿದ್ದೆ.

ಹುಲ್ಲಿನ ಹಸಿರು ಎಡ ಸೊಂಟಕ್ಕೆ ಹತ್ತಿದ್ದರೆ
ಬಲಗಾಲಲ್ಲಿ ಹೊಡೆದು ಬಿದ್ದಿದ್ದಾನೆ.
ಬೆನ್ನಿಗೆ ಕೆಸರಾದರೆ ಯಾರೋ ಕೆಡವಿದ್ದಾರೆ.
ಅಂಗಿ ಸ್ವಚ್ಛವಾಗಿ ಬಂದರೆ
ಅಂದು ಅವನಿಗೆ ಯಾರೂ ಚೆಂಡು ಕೊಟ್ಟಿಲ್ಲ.
ಸ್ವಚ್ಛ ಅಂಗಿಯೇ ಒಗೆಯಲು ಕಷ್ಟ.

ಹದಿನೇಳರ ಹುಡುಗ, ಡ್ಯಾರಲ್ ಹಾಲ್‌ರಾಯ್ಡ್,
ಯಾರ್ಕ್‌ಶೈರಿನ ಈ ಕಣಿವೆಯಲ್ಲಿ
ಉಣ್ಣೆ ಗಿರಣಿ ಮುಚ್ಚಿದ ಬೀದಿಯವನು,
ಮೊದಲ ದಿನವೇ ಅಂಗಿಯನ್ನು ಮಡಚಿ ಕೈಗಿಟ್ಟ.
“ಮಡಚಬೇಡ ಮಗಾ, ಕೆಸರು ಒಳಗಿಳಿಯುತ್ತೆ” ಅಂದೆ.
ಕೊನೆಯ ದಿನದವರೆಗೂ ಮಡಚಿಯೇ ಕೊಟ್ಟ.
ಅಷ್ಟು ಹಟ ಇಲ್ಲದಿದ್ದರೆ
ಗೋಲಿನ ಮುಂದೆ ನಿಲ್ಲೋಕಾಗುತ್ತಾ?

ಮಾರನೆಯ ವರ್ಷ ಇಪ್ಪತ್ತಾರು ಗೋಲು.
ಅದು ಪತ್ರಿಕೆಯವರ ಲೆಕ್ಕ. ನನ್ನದು ಬೇರೆ:
ಇಪ್ಪತ್ತಾರು ಸಲ ಕೊರಳಪಟ್ಟಿ ಹಿಗ್ಗಿ ಬಂತು,
ಗೆಳೆಯರೆಲ್ಲ ಮೇಲೆ ಬಿದ್ದು ಎಳೆದದ್ದಕ್ಕೆ.
ಕಂಕುಳು ಹರಿದಾಗ ಹೊಲಿದೆ,
ನೀಲಿ ದಾರ ಸಿಗದೆ, ಕಪ್ಪಿನಲ್ಲಿ.
ಆಮೇಲೆ ಅದೇ ರೂಢಿಯಾಯಿತು.

ಅವನನ್ನು ದೊಡ್ಡ ಊರಿಗೆ ಮಾರಿದರು.
ಬಂದ ದುಡ್ಡಿಗೆ ಪೂರ್ವದ ಗ್ಯಾಲರಿಗೆ ಚಾವಣಿ,
ನನಗೊಂದು ಹೊಸ ವಾಷಿಂಗ್ ಮಷೀನು.
ಅಲ್ಲಿ ಅವನದು ಯಾರು ಒಗೆದರೋ,
ನಲವತ್ತರಲ್ಲಿ ಒಂದು ಅಂಗಿ, ನಂಬರು ಮೂವತ್ತೊಂದು.
ಎರಡು ವರ್ಷಕ್ಕೆ ಆಡಿದ್ದು ನೂರ ಹತ್ತು ನಿಮಿಷ ಅಂತ
ಮಾಂಸದಂಗಡಿಯ ಸಾಲಿನಲ್ಲಿ ಅವನ ತಾಯಿ ಮೇವಿಸ್ ಹೇಳಿದಳು.
ಗೋಲು ಊರೇ ಎಣಿಸುತ್ತದೆ,
ನಿಮಿಷ ಎಣಿಸುವುದು ತಾಯಿ.

ಆಮೇಲೆ ಎರವಲು.
ಪಕ್ಕದ ಮನೆಗೆ ಒಂದು ಬಟ್ಟಲು ಸಕ್ಕರೆ ಕೊಟ್ಟ ಹಾಗೆ
ಕಡಲ ದಂಡೆಯ ಒಂದು ಕ್ಲಬ್ಬಿಗೆ, ಗಣಿಯೂರಿನ ಇನ್ನೊಂದಕ್ಕೆ.
ಕೊಟ್ಟ ಸಕ್ಕರೆ ವಾಪಸು ಬರುವಾಗ
ಅಳತೆ ಎಂದಾದರೂ ಸರಿಯಿರುತ್ತದೆಯೇ?

ಇಪ್ಪತ್ತೇಳಕ್ಕೆ ನಮ್ಮಲ್ಲಿಗೇ ಮರಳಿದ,
ಬಲ ಮಂಡಿಯಲ್ಲಿ ಮೂರು ಹೊಲಿಗೆಯ ಗೆರೆ.
ವೇಗ ಹೋಯಿತು ಅಂದರು ಜನ.
ವೇಗ ಹೋದವನು ಜಾಗ ಕಲಿಯುತ್ತಾನೆ:
ಚೆಂಡು ಬರುವ ಮೊದಲೇ ಹೋಗಿ ನಿಲ್ಲುವುದು,
ರದ್ದಾದ ಬಸ್ಸಿಗೂ ಅದೇ ಕಂಬದ ಬಳಿ
ಛತ್ರಿ ಹಿಡಿದು ಕಾಯುವ ನಮ್ಮೂರ ಮುದುಕರ ಹಾಗೆ.
ಕೆಲವೊಮ್ಮೆ ಬಸ್ಸು ಬಂದೂಬಿಡುತ್ತಿತ್ತು.

ಮೇ ತಿಂಗಳ ಆ ಪೆನಾಲ್ಟಿ ನಾನು ನೋಡಲಿಲ್ಲ.
ತಲೆಯ ಮೇಲೆ ಏಳು ಸಾವಿರ ಜನರ ಕಾಲಸದ್ದು,
ಆಮೇಲೆ ಸದ್ದೇ ಇಲ್ಲದ ಒಂದು ಹೊತ್ತು.
ಬಾಯ್ಲರು ಮಾತ್ರ ಗೊಣಗುತ್ತಿತ್ತು.
ಅಂಗಿ ಬಂತು. ಮಡಚಿತ್ತು.
ಕೊರಳಪಟ್ಟಿಯಲ್ಲಿ ಹಲ್ಲಿನ ಗುರುತು.
ಅದಕ್ಕೆ ಸಾಬೂನಿಲ್ಲ.
‘ಹರಿದಿದೆ’ ಎಂದು ಪುಸ್ತಕದಲ್ಲಿ ಬರೆದು
ಮನೆಗೆ ಒಯ್ದೆ.

ಮೂವತ್ತಮೂರಕ್ಕೆ ಕಾಗದ ಬಂತು, ಎರಡು ಸಾಲಿನದು.
ಈಗ ಜನರ ಅಡಿಗೆಮನೆಗೆ ಕಪಾಟು ಜೋಡಿಸುತ್ತಾನೆ.
ಕ್ಲಬ್ಬಿನವರು ಗಾಜಿನ ಚೌಕಟ್ಟಿನಲ್ಲಿ ಒಂದು ಅಂಗಿ ಕೊಟ್ಟಿದ್ದರು;
ತಂದು ನನ್ನ ಮೇಜಿನ ಮೇಲಿಟ್ಟ.
“ಇದನ್ನು ಯಾರೂ ತೊಟ್ಟಿಲ್ಲ, ಎನಿಡ್. ಕಂಕುಳು ನೋಡು.”
ನೋಡಿದೆ. ಕಪ್ಪು ದಾರ ಇರಲಿಲ್ಲ.

ಸಿಗರೇಟು ಸೇದಲು ಹಿತ್ತಿಲಿಗೆ ಹೋದ.
ಅಲ್ಲಿ ಹೊರಗಿನ ನಲ್ಲಿಗೆ
ಚಳಿಗೆ ಕೊಳವೆ ಒಡೆಯದಿರಲೆಂದು
ಹಳೆಯ ನೀಲಿ ಅಂಗಿಯೊಂದನ್ನು ಸುತ್ತಿ ಕಟ್ಟಿದ್ದೆ,
ಒಂಬತ್ತರ ಬಾಲ ಮಾತ್ರ ಹೊರಗೆ.
ಕೂಗಿ ಹೇಳಬೇಕೆಂದುಕೊಂಡೆ. ಹೇಳಲಿಲ್ಲ.

ಬಹಳ ಹೊತ್ತಿನ ಮೇಲೆ ಒಳಗೆ ಬಂದ,
ಚಹಾದ ಕಪ್ಪು ತೊಳೆದು ಒರೆಸಿದ,
ಒರೆಸಿದ ಬಟ್ಟೆಯನ್ನು ನಾಲ್ಕಾಗಿ ಮಡಚಿ ಕೈಗಿಟ್ಟ.

ಆ ಜನವರಿಯಲ್ಲಿ ಬೀದಿಯ ಕೊಳವೆಗಳೆಲ್ಲ ಒಡೆದವು,
ನನ್ನದೊಂದು ಬಿಟ್ಟು.