ಎಡಗಡೆಯ ಕೊಂಡಿ

ಮೊದಲು ಕೂರುವ ಹಲಗೆಯನ್ನು ಒಂದು ಗೇಣು ಮುಂದಕ್ಕೆಳೆಯಬೇಕು.
ಆಮೇಲೆ ಎಡಗಡೆಯ ಕೊಂಡಿ. ಬಲಗಡೆಯದನ್ನು ಮುಟ್ಟಬಾರದು.
ಕಟಕ್ ಅಂದರೆ ಬೆನ್ನು ಮಲಗಿತು,
ಸೋಫಾ ಮಂಚವಾಯಿತು.

ಬೈತಖೋಲದ ಐಸ್ ಫ್ಯಾಕ್ಟರಿಗೆ ಯಂತ್ರ ಕೂರಿಸಲು ಬಂದ
ನಾರ್ವೆಯ ಓಲಾವ್ ಸಾಹೇಬ
ತನ್ನೂರಿಂದ ಹಡಗಿನಲ್ಲಿ ತರಿಸಿಕೊಂಡಿದ್ದನಂತೆ.
ಹೋಗುವಾಗ ಅಪ್ಪನಿಗೆ ಬಿಟ್ಟುಹೋದ,
ಒಂದು ಜೊತೆ ಬೂಟಿನ ಸಮೇತ.
ಬೂಟು ಅಪ್ಪನ ಕಾಲಿಗೆ ದೊಡ್ಡದಾಯಿತು,
ಸೋಫಾ ಮನೆಗೆ.

ಎರಡೇ ಖೋಲಿ, ಕೋಡಿಬಾಗದಲ್ಲಿ.
ಅಪ್ಪನದು ರಾತ್ರಿಪಾಳಿ. ಬೆಳಿಗ್ಗೆ ಏಳಕ್ಕೆ
ಅಮೋನಿಯಾ ವಾಸನೆ ಹೊತ್ತು ಬಂದು ಬಿದ್ದರೆ
ಏಳುವುದು ನಾಲ್ಕಕ್ಕೆ.
ರಾತ್ರಿ ಅಮ್ಮ, ತಮ್ಮ, ಉರ್ಸುಲಾ ಮಾವಶಿ;
ನಾನು ಅದರ ಕೆಳಗೆ, ಚಾಪೆಯಲ್ಲಿ.
ಸೋಫಾ ಸೋಫಾ ಆಗಿರುತ್ತಿದ್ದುದು
ನಾಲ್ಕರಿಂದ ದೀಪ ಹಚ್ಚುವವರೆಗೆ.
ನೆಂಟರು ಅಷ್ಟರೊಳಗೆ ಬಂದು ಹೋಗಬೇಕು.

ಉಪ್ಪುಗಾಳಿ ಅದರ ಸ್ಪ್ರಿಂಗುಗಳನ್ನು
ಮೂರೇ ಮಳೆಗಾಲದಲ್ಲಿ ತಿಂದು ಮುಗಿಸಿತು.
ಮಾವಶಿ ಬಲೆ ಹೊಲಿಯುವವಳು.
ಟ್ರಾಲರಿನ ಹಳೇ ನೈಲಾನ್ ಹಗ್ಗ ತಂದು
ಕಾಲ ಹೆಬ್ಬೆರಳಿಗೆ ಸಿಕ್ಕಿಸಿ ಎಳೆದೆಳೆದು ಹೆಣೆದಳು.
ಅಂದಿನಿಂದ ಎಲ್ಲರೂ ಬಲೆಯ ಮೇಲೆ,
ಬಂಗಡೆಗಳ ಹಾಗೆ ಒತ್ತೊತ್ತಾಗಿ.

ಮಾವಶಿಯನ್ನು ನೋಡಲು ಮಾಜಾಳಿಯಿಂದ ಬಂದರು.
ನಾಲ್ಕೂಕಾಲು. ಹುಡುಗನ ಅಪ್ಪ ಗಟ್ಟಿ ಆಳು,
ಚಹಾ ಹಿಡಿದು ಆರಾಮಾಗಿ ಒರಗಿದ.
ಕಟಕ್.
ಕಪ್ಪು ಎದೆಯ ಮೇಲೆ, ಕಣ್ಣು ಹಂಚಿನ ಮೇಲೆ.
ಯಾರೂ ನಗಲಿಲ್ಲ.
ಎಷ್ಟೋ ಹೊತ್ತಿನ ಮೇಲೆ, ಮಲಗಿದಲ್ಲಿಂದಲೇ ಕೇಳಿದ:
"ಇದನ್ನೂ ಕೊಡ್ತೀರಾ?"
ಬಾಗಿಲ ಮರೆಯಿಂದ ಮಾವಶಿ:
"ಇದೊಂದನ್ನೇ ಒಯ್ಯಿರಿ.
ಇಬ್ಬರ ಕೆಲಸ ಮಾಡ್ತದೆ, ಊಟ ಕೇಳೂದಿಲ್ಲ."

ಆಮೇಲೆ ಯಾರೂ ಬರಲಿಲ್ಲ ಅಂತಲ್ಲ.
ನಾಲ್ಕಕ್ಕೆ ಅಪ್ಪನನ್ನು ಎಬ್ಬಿಸುವುದನ್ನು
ಅವಳೇ ನಿಲ್ಲಿಸಿದಳು.

ಮೊನ್ನೆ ಮಡಗಾಂವದಿಂದ ಒಬ್ಬ ಬಂದಿದ್ದ,
ಬಿಳಿ ಅಂಗಿ, ಕೈಯಲ್ಲಿ ಟಾರ್ಚು.
ಮೊಬೈಲಿನಲ್ಲಿ ಇದರ ಅಕ್ಕತಂಗಿಯರನ್ನು ತೋರಿಸಿದ:
ಬಿಳಿ ಗೋಡೆ, ಖಾಲಿ ಕೋಣೆ,
ಒಬ್ಬರೂ ಎಂದೂ ಮಲಗದ ಹಾಗೆ.
ಬೆಲೆಯ ಸೊನ್ನೆ ಎಣಿಸಲು ನನಗೆ ಕನ್ನಡಕ ಬೇಕಾಯಿತು.
ಮರ ಮೂಸಿ, "ತೇಗ, ಬರ್ಮಾದ್ದು," ಅಂದ.
ಹಿಂದೊಮ್ಮೆ ಇದರ ಕಾಲು ಕೂಡಿಸಿದ ಹೊನ್ನಾವರದ ಮೇಸ್ತ
ದಾಂಡೇಲಿಯದೂ ಇರಬಹುದು ಅಂದಿದ್ದ.
ಇಬ್ಬರಿಗೂ ನಾನು ಹೂಂ ಅಂದವಳೇ.

ಕಂಪನಿಯ ಮುದ್ರೆ ನೋಡಬೇಕಂತೆ. ಸೇರಿ ಮಗುಚಿದೆವು.
ಇತ್ತು. ಸುಟ್ಟು ಒತ್ತಿದ್ದು, ನನಗೆ ಓದಲು ಬಾರದ್ದು.
ಅದರ ಸುತ್ತ ಪೆನ್ಸಿಲಿನಲ್ಲಿ, ಓದಲು ಬರುವುದು,
ಎರಡನೇ ಇಯತ್ತೆಯ ನನ್ನ ಅಕ್ಷರ:
ಏಳರ ಮಗ್ಗಿ, ಐವತ್ತಾರಕ್ಕೆ ನಿಂತದ್ದು.
ಒಂದು ದೋಣಿ.
ಮಾವಶಿ ಇವತ್ತು ಅತ್ತಳು.
ಮಾವಶಿ ಇವತ್ತು ಅತ್ತಳು.
ಮಾವಶಿ ಇವತ್ತು ಅಳಲಿಲ್ಲ.

"ಉಜ್ಜಿದರೆ ಹೋಗ್ತದೆ," ಅಂದ ಆತ.
"ಈ ಹಗ್ಗಾನೂ ಬಿಚ್ಚಬಹುದು.
ಎಡಗಡೆಯ ಕೊಂಡಿ ಮಾತ್ರ ಒರಿಜಿನಲ್ ಅಲ್ಲ, ಅಲ್ವಾ?"

ಅಲ್ಲ. ದೋಣಿಯದು, ಹಿತ್ತಾಳೆ.
ಮಾಜಾಳಿಯವರು ಬಂದುಹೋದ ಮರುದಿನ
ಅಪ್ಪ ಹಾಕಿದ್ದು.

ಚಹಾ ಕೊಟ್ಟೆ. ತುದಿಯಲ್ಲಿ ಕೂತು ಕುಡಿದ.
ಒರಗಬಹುದು, ಅಂದೆ.
ಒರಗಲಿಲ್ಲ.