ಹದಿನೇಳನೆಯ ತಿಂಗಳ ಚೌಕ

ಅತ್-ಬಾಶಿಯ ಆಸ್ಪತ್ರೆಯಲ್ಲಿ ಮಕ್ಕಳನ್ನು ತೂಗುವವಳು ನಾನು.
ಗೋಡೆಯ ಮೇಲೊಂದು ಪಟ್ಟಿ:
ಯಾವ ತಿಂಗಳಿಗೆ ಕತ್ತು ನಿಲ್ಲಬೇಕು, ಯಾವಾಗ ಮಗುಚಬೇಕು,
ಯಾವಾಗ ಎರಡೇ ಬೆರಳಲ್ಲಿ ಒಣದ್ರಾಕ್ಷಿ ಹೆಕ್ಕಬೇಕು.
ಹಸಿರು ಶಾಯಿಯಲ್ಲಿ ಗುರುತು ಹಾಕುತ್ತೇನೆ.
ಪರರ ಕೂಸಿಗೆ ಹೇಳುವುದು ಸುಲಭ:
"ಗಾಬರಿ ಬೇಡ, ಹದಿನೆಂಟರವರೆಗೂ ಕಾಯಬಹುದು."

ಮನೆಗೆ ಬಂದರೆ ಬೆರ್ಮೆತ್
ಉಣ್ಣೆಯ ನೆಲಹಾಸಿನ ನಡುವೆ ಕೂತಿರುತ್ತಾಳೆ,
ಸಣ್ಣದೊಂದು ದೇಶದ ದೊರೆಸಾನಿ.
ಸುತ್ತ ಒಂದು ಬಟ್ಟಲು, ಒಂದು ಮರದ ಚಮಚ,
ಹಳೆಯ ಕೋಟುಗಳಿಂದ ಕಿತ್ತ ಗುಂಡಿಗಳು
(ನುಂಗಲಾರದಷ್ಟು ದೊಡ್ಡವು, ಒಂದೊಂದನ್ನೂ ಅಳೆದಿದ್ದೇನೆ).
ನಡೆಯುವುದಿಲ್ಲ.
ನಡೆಯಬೇಕೆಂಬ ಆಸೆಯೂ ಇದ್ದಂತಿಲ್ಲ.
ಸೊಂಟ ಮುಟ್ಟಿ ನೋಡಿದೆ, ಡಾಕ್ಟರಿಗೂ ತೋರಿಸಿದೆ, ಎಲ್ಲ ಸರಿ.

ಪಕ್ಕದ ಮನೆಯ ಎಲ್ಚಿಬೆಕ್ ಹತ್ತು ತಿಂಗಳಿಗೇ ಓಡಿದನಂತೆ.
ಅದನ್ನು ಹೇಳಲು ಅವನ ತಾಯಿ
ಉಪ್ಪಿನ ನೆಪ ಮಾಡಿಕೊಂಡು ಬರುತ್ತಾಳೆ.
ಈ ಚಳಿಗಾಲ ನಮ್ಮ ಉಪ್ಪಿನ ಡಬ್ಬಿ ಎರಡು ಸಲ ಬರಿದಾಯಿತು.

ಗಂಡ ನರೀನ್ ಪೇಟೆಯಿಂದ ಗಾಲಿಗಾಡಿ ತಂದ,
ಕೂಸನ್ನು ಒಳಗೆ ತೂಗಿಬಿಟ್ಟರೆ ತಾನೇ ಉರುಳುವಂಥದ್ದು,
ಕೆಂಪು ಪ್ಲಾಸ್ಟಿಕ್ಕು, ಒತ್ತಿದರೆ ಹಾಡು.
ಕೊಟ್ಟಿಗೆಗೆ ಹಾಕಿದೆ.
ಈಗ ಅದರಲ್ಲಿ ಕೋಳಿ ಮೊಟ್ಟೆ ಇಡುತ್ತದೆ.

ಹೇಳಬಾರದೆಂದಿದ್ದೆ, ಹೇಳುತ್ತೇನೆ.
ಒಂದು ರಾತ್ರಿ ಯಾರೂ ಇಲ್ಲದಾಗ
ಅವಳ ಎರಡೂ ರಟ್ಟೆ ಹಿಡಿದು ನಿಲ್ಲಿಸಿದೆ.
ಬಾ ಎಂದೆ. ಎಳೆದೆ. ಇನ್ನೊಮ್ಮೆ ಎಳೆದೆ.
ಅಳಲಿಲ್ಲ ಅವಳು.
ನನ್ನ ಮುಖ ನೋಡಿದಳು,
ತಕ್ಕಡಿಯ ತಗಡಿನ ಮೇಲೆ ಬೆನ್ನಿಟ್ಟ ಕೂಸುಗಳು
ಇದೇನಿದು ಇಷ್ಟು ತಣ್ಣಗೆ ಎಂದು ನೋಡುವ ಹಾಗೆ.

ಒಲೆಯ ಮಗ್ಗುಲಲ್ಲಿ ಅತ್ತೆ ಸಾಯ್ರಾಕನ್
ಮಲಗಿದ್ದಾಳೆಂದುಕೊಂಡಿದ್ದೆ.
"ಗುದ್ದಿದರೆ ಜರ್ದಾಳು ಹಣ್ಣಾಗುತ್ತೇನೇ?" ಎಂದಳು ಕಣ್ಣು ತೆರೆಯದೆ.
ಬೆಳಿಗ್ಗೆ ನೋಡಿದರೆ ತೊಡೆಯ ಮೇಲೆ ಉಣ್ಣೆಯಿಟ್ಟು ಹೊಸೆಯುತ್ತಿದ್ದಳು,
ಒಂದೆಳೆ ಕಪ್ಪು, ಒಂದೆಳೆ ಬಿಳಿ.
ಮಗು ಹೆಜ್ಜೆಯಿಟ್ಟ ದಿನ ಅದರ ಕಾಲಿಗೆ ಕಟ್ಟುವ ದಾರ ಅದು.
ಊರ ಮಕ್ಕಳು ಓಡಿ ಬರಬೇಕು,
ಗೆದ್ದವರು ಕತ್ತರಿಸಿ ಕೈಹಿಡಿದು ನಡೆಸಬೇಕು.
"ಇನ್ನೂ ನಿಂತೇ ಇಲ್ಲವಲ್ಲ," ಎಂದೆ.
"ದಾರಕ್ಕೇನು ಅವಸರ? ಇರುತ್ತದೆ ಬಿಡು."

ಆ ವಾರ ನಾನು ನೆಲಕ್ಕಿಳಿದೆ.
ನಿಂತು ನೋಡಿದಾಗ ಕಾಣದ್ದು ಕೂತಾಗ ಕಂಡಿತು:
ಬೆರ್ಮೆತ್ ಗುಂಡಿಯನ್ನು ಚಮಚಕ್ಕೆ ಏರಿಸುತ್ತಾಳೆ,
ನಾಲಿಗೆ ತುಸು ಹೊರಗೆ,
ಉಸಿರು ಹಿಡಿದು ಬಟ್ಟಲಿನ ತನಕ ಸಾಗಿಸುತ್ತಾಳೆ.
ಬೀಳುತ್ತದೆ. ಮತ್ತೆ ಏರಿಸುತ್ತಾಳೆ.
ಹನ್ನೊಂದು ಸಲ ಎಣಿಸಿದೆ, ಆಮೇಲೆ ಎಣಿಸುವುದನ್ನೇ ಮರೆತೆ.
ಇಷ್ಟು ಕೆಲಸವಿರುವವರಿಗೆ ಎಲ್ಲಿಗೂ ಹೋಗಲು ಪುರುಸೊತ್ತೆಲ್ಲಿ?

ಮಾರ್ಚಿಯಲ್ಲಿ ಚಳಿಗೆ ನಡುಗುವ ಮರಿಯೊಂದನ್ನು
ಗಂಡ ಒಳಗೆ ತಂದು ಬಾಗಿಲ ಬಳಿ ಬಿಟ್ಟ.
ಅದೂ ತಡವರಿಸುತ್ತ ಎದ್ದಿತು.
ಬೆರ್ಮೆತ್ ಎದ್ದಳು. ನಾಲ್ಕು ಹೆಜ್ಜೆ,
ನನ್ನ ಕಡೆಗಲ್ಲ, ಮರಿಯ ಕಡೆಗೆ.
ನಾನು ಚಾಚಿದ ಕೈ ಹಿಂದಕ್ಕೆಳೆದುಕೊಂಡೆ.
ಅದಷ್ಟು ಕಷ್ಟದ ಕೆಲಸ ಬೇರೆ ಮಾಡಿಲ್ಲ.

ಓಟದ ದಿನ ಹನ್ನೆರಡು ಮಕ್ಕಳು
ಕರಗುವ ಹಿಮದ ಕೆಸರು ಹಾರಿಸುತ್ತ ಬರುತ್ತಿದ್ದರೆ
ನಡುವೆ ನಿಲ್ಲಿಸಿದ್ದ ನನ್ನ ಮಗಳು ಕೂತುಬಿಟ್ಟಳು.
ಎರಡೇ ಬೆರಳಲ್ಲಿ ಗಂಟು ಬಿಚ್ಚತೊಡಗಿದಳು.
ಅರ್ಧ ಬಿಚ್ಚಿಯೂ ಆಗಿತ್ತು, ಅಷ್ಟರಲ್ಲಿ ಚಾಕು ಬಂತು.
ಎಲ್ಲರೂ ಕೂಗಿದರು. ಅವಳು ದಾರಕ್ಕಾಗಿ ಅತ್ತಳು.

ಮರುದಿನ ಆಸ್ಪತ್ರೆಗೆ ಒಬ್ಬಳು ಬಂದಳು,
ಕಂಕುಳಲ್ಲಿ ದಪ್ಪ ಕೆನ್ನೆಯ ಗಂಡುಕೂಸು.
"ಹದಿನಾರು ತುಂಬಿತು, ಬರೀ ಕೂತಿರ್ತಾನೆ," ಎಂದಳು.
ಕಾಲು, ಸೊಂಟ ನೋಡಿದೆ, ತೂಕ ಬರೆದೆ.
ಆಮೇಲೆ ಪೆನ್ನಿನ ಮುಚ್ಚಳ ಹಾಕಿ ಕೇಳಿದೆ:
"ಕೂತು ಏನು ಮಾಡ್ತಾನೆ?"