ಕಪ್ಪಿನ ಲೆಕ್ಕ

ಕೊಪ್ಪಳದ ಕಾಲೇಜು, ಹಿಂಬದಿಯ ಕತ್ತಲೆಕೋಣೆ.
ಕಿಟಕಿಗೆ ರಟ್ಟು, ರಟ್ಟಿನಂಚಿಗೆ ಗೋಂದು,
ಬಾಗಿಲ ಸಂದಿಗೆ ಮೌನೇಶನ ಹಳೇ ಲುಂಗಿ.
ಕಪ್ಪನ್ನು ಅಳೆಯುತ್ತಿದ್ದೇವೆ.

ದೂರದರ್ಶಕದ ಕೊಳವೆಯ ಒಳಮೈಗೆ
ಬಂದ ಬೆಳಕನ್ನು ಹಿಂದಕ್ಕೆ ಕೊಡದ ಕಪ್ಪು ಬೇಕು.
ಬಸ್‌ಸ್ಟ್ಯಾಂಡಿನ ದೀಪದ ಒಂದು ಚೂರು
ಒಳಗೋಡೆಗೆ ತಾಗಿ ಪುಟಿದರೂ ಸಾಕು,
ಮಸುಕು ನಕ್ಷತ್ರ ಅದರಲ್ಲಿ ಮುಳುಗುತ್ತದೆ.

“ಕರೀದರಾಗ ಎಂಥಾ ಹೆಚ್ಚುಕಮ್ಮಿರೀ ಮೇಡಂ?”
ಮೊದಲ ದಿನ ಕೇಳಿದ್ದ ಮೌನೇಶ.

ಅಂಗಡಿಯ ಡಬ್ಬಿ ಬಣ್ಣ ನೂರಕ್ಕೆ ಐದು ವಾಪಸು ಮಾಡಿತು,
ಅದೂ ನೇರ ನಿಂತು ಕೇಳಿದಾಗ.
ಓರೆಯಾಗಿ ಬೆಳಕು ಬಿಟ್ಟರೆ
ಎಣ್ಣೆ ಹಚ್ಚಿದ ಬೈತಲೆಯ ಹಾಗೆ ಮಿಂಚಿತು.
ಬಳ್ಳಾರಿಯಿಂದ ತರಿಸಿದ ಕರಿ ಜೀನ್ಸಿನ ತುಂಡು
ಕೆಂಪಿನವರೆಗೂ ತೆಪ್ಪಗಿತ್ತು;
ಕೆಂಪಿನಾಚೆ, ನಮ್ಮ ಕಣ್ಣು ಹೋಗದ ಕಡೆ,
ಸುಣ್ಣ ಬಳಿದ ಗೋಡೆ ಅದು!
ಮುಳ್ಳು ಸರ್ರನೆ ಏರಿದ್ದು ಕಂಡು
ಮೌನೇಶ ಕತ್ತಲಲ್ಲೇ ತನ್ನ ಪ್ಯಾಂಟು ಮುಟ್ಟಿಕೊಂಡ.

ಕಿನ್ನಾಳದ ತಿಪ್ಪವ್ವ ಗೊಂಬೆಗಳಿಗೆ ಕಣ್ಣು ಬರೆಯುವಾಕೆ.
ದೀಪದ ಮಸಿ, ಹುಣಸೆಬೀಜದ ಅಂಟು
ಅರೆದು ಅರೆದು ಹದ ತಿಳಿದ ಕೈ.
“ಹೊಳೀದಂಗ ಮಾಡ್ಲಾ?” ಅಂದಳು, ಅನುಮಾನದಿಂದ.
“ಹೊಳೀಲಿಲ್ಲಂದ್ರ ಗೊಂಬಿ ನೋಡೂದಿಲ್ಲವ್ವ.”
ನಮ್ಮದು ನೋಡಬೇಕಾದರೆ ಹೊಳೆಯಬಾರದು ಎಂದೆ.
ಹೇಳಿದ್ದು ನನಗೇ ಸರಿಯಾಗಿ ಅರ್ಥವಾಗಲಿಲ್ಲ.

ಅಂಟು ಕಮ್ಮಿ ಹಾಕಿದ ಪಟ್ಟಿ: ಒಂದೂಮುಕ್ಕಾಲು.
ಮತ್ತೆ ಅಳೆದೆ. ಒಂದೂಮುಕ್ಕಾಲೇ.
ಕೆಂಪಿನಾಚೆಗೂ ಮಸಿ ಮಸಿಯಾಗಿಯೇ ಉಳಿದಿತ್ತು.
ಆದರೆ ಬೆರಳು ತಾಗಿದರೆ ಉದುರುತ್ತದೆ,
ಕೆಳಗಿರುವ ಕನ್ನಡಿಗೆ ಅದು ಮಸಿಯ ಮಳೆ.
ಒಂದು ಚಮಚ ಅಂಟು ಹೆಚ್ಚಿಸಿದಳು: ಎರಡೂಕಾಲು.
ಅಷ್ಟಕ್ಕೆ ರಾಜಿಯಾದೆವು.

ಇಷ್ಟರ ನಡುವೆ ಮೂರು ದಿನ ಹಾಳಾಗಿತ್ತು.
ಏನೂ ಇಡದೆ, ದೀಪ ಆರಿಸಿ ಅಳೆದಾಗಲೂ
ಮುಳ್ಳು ಸೊನ್ನೆಗೆ ಕೂರುತ್ತಿರಲಿಲ್ಲ.
ವೈರು ಬದಲಿಸಿದೆ, ಪೆಟ್ಟಿಗೆ ಬಿಚ್ಚಿದೆ, ರಟ್ಟಿಗೆ ರಟ್ಟು ಹಚ್ಚಿದೆ.
ಕೊನೆಗೆ ಕಂಡಿತು ಮೌನೇಶನ ಮಣಿಕಟ್ಟು:
ಮದುವೆಯ ಗಡಿಯಾರ, ಹನ್ನೆರಡು ಹಸಿರು ಚುಕ್ಕಿ.
ಅವನು ಅದನ್ನು ಬಿಚ್ಚಿ ಜೇಬಿಗಿಳಿಸಿದ,
ಚಪ್ಪಲಿ ಹೊರಗೆ ಬಿಡುವಷ್ಟು ವಿನಯದಿಂದ.

ಬಳಿದು ಮುಗಿದ ದಿನ ಕನ್ನಡಿ ಇನ್ನೂ ಬಂದಿರಲಿಲ್ಲ.
ಒಂದು ಬಾಯಿಗೆ ಮುಚ್ಚಳ ಹಾಕಿದ ಬರಿಯ ಕೊಳವೆ
ಜಗಲಿಯ ಮೇಲೆ ಮಲಗಿತ್ತು.
ತಿಪ್ಪವ್ವ ಮಂಡಿಯೂರಿ ಇಣುಕಿದಳು,
ಮಟಮಟ ಮಧ್ಯಾಹ್ನ.
ಕೈ ತೂರಿಸಿ ಒಳಗೆ ತಡವಿದಳು.

“ತಳಾ ಎಲ್ಲೈತಿ?” ಅಂದಳು.